ದೊಡ್ಡ ಗಾಡಿಯಿಂದ ಚಿಕ್ಕ ಕಾರಿಗೆ: ತುಮಕೂರು ಕಡೆಯವರು ಮಾರುವ ಮೊದಲು ಹಾಕಬೇಕಾದ ಲೆಕ್ಕ

ಬೆಳಿಗ್ಗೆ ಏಳೂವರೆಗೆ ಕ್ಯಾತ್ಸಂದ್ರ ಟೋಲ್ ಬಳಿ ಬೆಂಗಳೂರು ಕಡೆಯ ಸಾಲನ್ನು ನೋಡಿದರೆ, ಏಳು ಸೀಟಿನ ಡೀಸೆಲ್ ಗಾಡಿಯಲ್ಲಿ ಒಬ್ಬರೇ ಕೂತಿರುವುದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಎಪ್ಪತ್ತು ಕೆ.ಜಿ. ಮನುಷ್ಯನನ್ನು ಕೆಲಸಕ್ಕೆ ಸೇರಿಸಲು ಎರಡು ಟನ್ ತೂಕ ಓಡುತ್ತಿದೆ. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಇದು ಯಾರಿಗೂ ಭಾರ ಅನ್ನಿಸಿರಲಿಲ್ಲ. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿದಾಗ ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ ಸುಮಾರು ಮೂರು ರೂಪಾಯಿ ಏರಿದವು. 2025ರ ಏಪ್ರಿಲ್ 1ರಿಂದ ಡೀಸೆಲ್‌ಗೆ ಇನ್ನೆರಡು ರೂಪಾಯಿ ಸೇರಿತು. ಈಗ ಮನೆಮನೆಯಲ್ಲೂ ಅದೇ ಮಾತು: ದೊಡ್ಡ ಗಾಡಿ ಕೊಟ್ಟು ಚಿಕ್ಕದು ತಗೊಂಡುಬಿಡೋಣವಾ?

ಕೆಲವರಿಗೆ ಇದು ಖಂಡಿತ ಲಾಭ. ಕೆಲವರಿಗೆ ಖಂಡಿತ ನಷ್ಟ. ನೀವು ಯಾವ ಗುಂಪಿನವರು ಎಂಬುದು ನಿಮ್ಮ ಗಾಡಿ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಮೊದಲು ಅಳತೆ, ಆಮೇಲೆ ಮಾತು.

ನಿಜವಾದ ಮೈಲೇಜ್ ಅಳೆಯುವುದು

ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನಂಬಬೇಡಿ. ಬಹಳಷ್ಟು ಗಾಡಿಗಳಲ್ಲಿ ಅದು ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆಯುವುದೇ ಸರಿ.

ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್ ಆರಿಸಿಕೊಳ್ಳಿ. ಗಾಡಿ ಸಮತಟ್ಟಾಗಿ ನಿಲ್ಲಬೇಕು. ನಳಿಕೆ ತಾನಾಗಿ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಲು ಹೇಳಿ. ‘ರೌಂಡ್ ಫಿಗರ್ ಮಾಡ್ತೀನಿ ಸಾರ್’ ಎಂದು ಹುಡುಗ ಇನ್ನೊಂದು ಅರ್ಧ ಲೀಟರ್ ಒತ್ತಿದರೆ ಆ ಅಳತೆ ಕೆಟ್ಟಿತು. ಡೀಸೆಲ್‌ಗೆ ನೊರೆ ಬರುತ್ತದೆ, ನಳಿಕೆ ಬೇಗ ಕಟ್ ಆಗುತ್ತದೆ. ಅದಕ್ಕೇ ನಿಧಾನ ವೇಗದಲ್ಲಿ ಹಾಕಿಸಿ, ಪ್ರತಿ ಸಲವೂ ಅದೇ ವೇಗ ಇರಲಿ. ಓಡೋಮೀಟರ್ ಅಂಕಿಯನ್ನು ಬಿಲ್ಲಿನ ಹಿಂದೆ ಅಲ್ಲೇ ಬರೆದುಕೊಳ್ಳಿ. ಮುಂದಿನ ಸಲ ಹಾಕಿಸಿದಷ್ಟು ಲೀಟರಿನಿಂದ ಓಡಿದ ಕಿಲೋಮೀಟರನ್ನು ಭಾಗಿಸಿದರೆ ಮೈಲೇಜ್ ಸಿಕ್ಕಿತು. ಒಂದು ಸಲದ ಅಂಕಿ ಸಾಲದು, ಸತತ ಮೂರು ಫುಲ್ ಟ್ಯಾಂಕ್‌ಗಳ ಒಟ್ಟು ತೆಗೆದುಕೊಳ್ಳಿ. ಅಂದಕ್ಕೆಂದು ಕಂಪನಿ ಅಳತೆಗಿಂತ ದೊಡ್ಡ ಟೈರ್ ಹಾಕಿಸಿದ್ದರೆ ಓಡೋಮೀಟರ್ ಕಡಿಮೆ ತೋರಿಸುತ್ತದೆ. ಹೆದ್ದಾರಿಯ ಕಿ.ಮೀ. ಕಲ್ಲುಗಳಿಗೆ ಇಪ್ಪತ್ತು ಕಿಲೋಮೀಟರ್ ಹೋಲಿಸಿ ವ್ಯತ್ಯಾಸ ಸರಿಪಡಿಸಿಕೊಳ್ಳಿ.

ಬಂದ ಅಂಕಿಯನ್ನು ಈಗ ತಿರುಗಿಸಿ ನೋಡಿ: 100 ಕಿಲೋಮೀಟರಿಗೆ ಎಷ್ಟು ಲೀಟರ್? ಇದನ್ನು ಮಾಡದೆ ಬಹಳ ಜನ ಮೋಸ ಹೋಗುತ್ತಾರೆ. ಲೀಟರಿಗೆ 18 ಕೊಡುವ ಕಾರನ್ನು ಕೊಟ್ಟು 25 ಕೊಡುವುದನ್ನು ತಂದರೆ ಏಳು ಕಿಲೋಮೀಟರ್ ಗೆದ್ದೆವು ಅನ್ನಿಸುತ್ತದೆ. ಉಳಿಯುವುದು 100 ಕಿ.ಮೀ.ಗೆ 5.6ರಿಂದ 4ಕ್ಕೆ, ಅಂದರೆ ಒಂದೂವರೆ ಲೀಟರ್ ಚಿಲ್ಲರೆ. ಅದೇ 9 ಕೊಡುವ ಗಾಡಿಯಿಂದ 13 ಕೊಡುವುದಕ್ಕೆ ಬಂದರೆ 11.1ರಿಂದ 7.7ಕ್ಕೆ ಇಳಿದು 3.4 ಲೀಟರ್ ಉಳಿಯುತ್ತದೆ. ಹಾಗಾಗಿ ಮನೆಯಲ್ಲಿ ಎರಡು ಗಾಡಿ ಇದ್ದರೆ ಮೊದಲು ಬದಲಿಸಬೇಕಾದ್ದು ಹೆಚ್ಚು ಕುಡಿಯುವುದನ್ನು. ಚಿಕ್ಕದನ್ನು ಇನ್ನೂ ಚಿಕ್ಕದು ಮಾಡಿ ಏನೂ ಗಿಟ್ಟದು.

ಎರಡು ಮನೆಯ ಲೆಕ್ಕ

ಪೆಟ್ರೋಲ್ 103, ಡೀಸೆಲ್ 91, ಸಿಎನ್‌ಜಿ ಕೆ.ಜಿ.ಗೆ 90 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಿಮ್ಮ ಊರಿನ ಅಂದಿನ ದರ ಹಾಕಿ ಮತ್ತೆ ಮಾಡಿಕೊಳ್ಳಿ.

ಮೊದಲ ಮನೆ: ಬಟವಾಡಿಯಿಂದ ದಿನವೂ ಬೆಂಗಳೂರಿಗೆ ಹೋಗಿಬರುವುದು, 140 ಕಿ.ಮೀ., ತಿಂಗಳಿಗೆ 22 ದಿನ. ಒಟ್ಟು 3080 ಕಿ.ಮೀ. ಲೀಟರಿಗೆ 11 ಕೊಡುವ ದೊಡ್ಡ ಡೀಸೆಲ್ ಗಾಡಿಗೆ 280 ಲೀಟರ್, 25,480 ರೂ. ಲೀಟರಿಗೆ 18 ಕೊಡುವ ಚಿಕ್ಕ ಪೆಟ್ರೋಲ್ ಕಾರಿಗೆ 171 ಲೀಟರ್, ಸುಮಾರು 17,600 ರೂ. ಕೆ.ಜಿ.ಗೆ 26 ಕಿ.ಮೀ. ಕೊಡುವ ಸಿಎನ್‌ಜಿ ಕಾರಿಗೆ ಸುಮಾರು 10,700 ರೂ. ತಿಂಗಳಿಗೆ ಎಂಟು ಸಾವಿರದ ಹತ್ತಿರದಿಂದ ಹದಿನೈದು ಸಾವಿರದ ಹತ್ತಿರದವರೆಗೆ ಉಳಿತಾಯ. ಇವರು ಬದಲಿಸಲೇಬೇಕು.

ಎರಡನೆಯ ಮನೆ: ಗುಬ್ಬಿಯಲ್ಲಿ ಅಂಗಡಿ, ವಾರಕ್ಕೊಮ್ಮೆ ತೋಟ, ಆಗಾಗ ಗೊರವನಹಳ್ಳಿ, ಸಿದ್ಧಗಂಗೆ. ತಿಂಗಳಿಗೆ 400 ಕಿ.ಮೀ. ದೊಡ್ಡ ಗಾಡಿಗೆ 3,300 ರೂ., ಚಿಕ್ಕ ಪೆಟ್ರೋಲ್‌ಗೆ 2,300 ರೂ. ತಿಂಗಳಿಗೆ ಉಳಿಯುವುದು ಒಂದು ಸಾವಿರ, ವರ್ಷಕ್ಕೆ ಹನ್ನೆರಡು ಸಾವಿರ. ಮಾರುವಾಗ ಬ್ರೋಕರ್ ಕತ್ತರಿಸುವ ಹಣ, ಕೊಳ್ಳುವ ಸೆಕೆಂಡ್ ಹ್ಯಾಂಡ್ ಕಾರಿನ ವರ್ಗಾವಣೆ, ವಿಮೆ, ತಂದ ಕೂಡಲೇ ಬೇಕಾಗುವ ಟೈರ್, ಬ್ಯಾಟರಿ ಎಲ್ಲ ಸೇರಿದರೆ ಎರಡು ಮೂರು ವರ್ಷದ ಉಳಿತಾಯ ಅಲ್ಲೇ ಹೋಯಿತು. ಸಾಲ ಮಾಡಿ ಹೊಸದು ತಂದರಂತೂ ಕಂತಿನ ಮುಂದೆ ಎಣ್ಣೆಯ ಲೆಕ್ಕವೇ ಇಲ್ಲ. ಇವರು ಗಾಡಿ ಇಟ್ಟುಕೊಂಡು ಚೆನ್ನಾಗಿ ನೋಡಿಕೊಂಡರೆ ಸಾಕು. ಪೇಟೆ ಓಡಾಟಕ್ಕೆ ಸ್ಕೂಟರ್ ಇದ್ದೇ ಇದೆ.

ತಿಂಗಳಿಗೆ 1000 ಕಿ.ಮೀ. ದಾಟಿದವರು ಗಂಭೀರವಾಗಿ ಯೋಚಿಸಬಹುದು, 1500 ದಾಟಿದವರು ತಡಮಾಡಬಾರದು ಎಂಬುದು ನಮ್ಮ ಅಂದಾಜು. ಟೋಲ್ ಹಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಕಾರು-ಜೀಪು ಎಲ್ಲಕ್ಕೂ ಒಂದೇ ದರ.

ಇದೇ ಹಾಳೆಯಲ್ಲಿ ಇನ್ನೊಂದು ಪಟ್ಟಿ ಬರೆಯಿರಿ: ಕಳೆದ ವರ್ಷ ಐದಕ್ಕಿಂತ ಹೆಚ್ಚು ಜನ ಗಾಡಿಯಲ್ಲಿ ಕೂತ ದಿನಗಳು. ಮದುವೆ, ಜಾತ್ರೆ, ಧರ್ಮಸ್ಥಳ, ತಿರುಪತಿ ಎಲ್ಲ ನೆನಪಿಸಿಕೊಂಡರೂ ಬಹಳ ಮನೆಗಳಲ್ಲಿ ಹತ್ತು ಹದಿನೈದು ದಿನ ದಾಟುವುದಿಲ್ಲ. ಅಷ್ಟು ದಿನಕ್ಕೆ ಯೆಲ್ಲೋ ಬೋರ್ಡ್ ಗಾಡಿ ಮಾತಾಡಿಕೊಳ್ಳುವುದೇ ಮೇಲು. ಮಾತಾಡುವಾಗ ದಿನದ ಕನಿಷ್ಠ ಕಿಲೋಮೀಟರ್ ಎಷ್ಟು, ಡ್ರೈವರ್ ಬಾಟಾ ಎಷ್ಟು, ಟೋಲ್ ಯಾರದು ಎಂದು ಮೊದಲೇ ಕೇಳಿ. ದಿನಕ್ಕೆ 250ರಿಂದ 300 ಕಿ.ಮೀ. ಕನಿಷ್ಠ ಹಿಡಿಯುವುದು ಮಾಮೂಲು. ಪಟ್ಟಿ ನಲವತ್ತು ದಿನ ದಾಟಿದರೆ ದೊಡ್ಡ ಗಾಡಿ ನಿಮ್ಮ ಮನೆಗೆ ನಿಜಕ್ಕೂ ಬೇಕು ಎಂದೇ ಅರ್ಥ.

ಮಾರುವ ಮೊದಲು ಈ ಗಾಡಿಯಿಂದಲೇ ಎಷ್ಟು ಉಳಿಯುತ್ತದೆ

11 ಕೊಡುತ್ತಿದ್ದ ಗಾಡಿ 12 ಕೊಟ್ಟರೆ ಮೊದಲ ಮನೆಯವರಿಗೆ ತಿಂಗಳಿಗೆ 23 ಲೀಟರ್, 2,100 ರೂ. ಉಳಿಯುತ್ತದೆ. ಅದು ಬಹಳ ಸಲ ಗ್ಯಾರೇಜಿನ ಒಂದು ಬೆಳಗಿನ ಕೆಲಸ.

ಬ್ರೇಕ್ ಹಿಡಿದುಕೊಂಡಿರುವುದು ದೊಡ್ಡ ಗಾಡಿಗಳಲ್ಲಿ ಹೆಚ್ಚು ಕಾಣುವ, ಯಾರೂ ನೋಡದ ತೊಂದರೆ. ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಆದಷ್ಟು ಕಡಿಮೆ ಬ್ರೇಕ್ ಹಾಕಿ ನಿಲ್ಲಿಸಿ. ಇಳಿದು ನಾಲ್ಕೂ ಚಕ್ರದ ರಿಮ್ ಹತ್ತಿರ ಅಂಗೈ ಒಡ್ಡಿ ನೋಡಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಮೂರು ಬೆಚ್ಚಗಿದ್ದು ಒಂದು ಕಾದ ಹೆಂಚಿನಂತಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಸಾಮಾನ್ಯವಾಗಿ ಬ್ರೇಕ್ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಜಾರು ಪಿನ್ ಒಣಗಿ ಧೂಳು ಕಟ್ಟಿರುತ್ತದೆ. ಪಿನ್ ಬಿಚ್ಚಿ, ಒರೆಸಿ, ಶಾಖ ತಡೆಯುವ ಸಿಲಿಕೋನ್ ಗ್ರೀಸ್ ಹಾಕಿ, ಹರಿದ ರಬ್ಬರ್ ಬೂಟ್ ಬದಲಿಸಿದರೆ ಮುಗಿಯಿತು. ಮಾಮೂಲಿ ಚಾಸಿಸ್ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ಕೂಲಂಟ್ ಬಿಡುವ ಕವಾಟ. ಹೆದ್ದಾರಿಯಲ್ಲಿ ಶಾಖದ ಮುಳ್ಳು ನಡುವಿಗೆ ಬರದೆ ಕೆಳಗೇ ನಿಂತರೆ ಅದು ತೆರೆದೇ ಉಳಿದಿದೆ. ಎಂಜಿನ್ ಬಿಸಿಯಾಗದಿದ್ದರೆ ಕಂಪ್ಯೂಟರ್ ಹೆಚ್ಚು ಎಣ್ಣೆ ಕೊಡುತ್ತಲೇ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಒಂದು ಕಾರಣ ಬೋರ್‌ವೆಲ್ ನೀರು. ಪಾವಗಡ, ಮಧುಗಿರಿ, ಶಿರಾ ಕಡೆಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಪಾತ್ರೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಪದರ ಒಳಗೂ ಕಟ್ಟುತ್ತದೆ, ಥರ್ಮೋಸ್ಟಾಟ್ ಸಿಕ್ಕಿಕೊಳ್ಳುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ, ಬೇರೆ ಏನೂ ಬೇಡ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಇದೆ. ಶಿರಾ ಗೇಟಿನಿಂದ ಎಂ.ಜಿ. ರಸ್ತೆ, ಅಲ್ಲಿಂದ ಮಕ್ಕಳ ಶಾಲೆ ಅಂತ ಎರಡು ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡುತ್ತಿದ್ದರೆ ಆ ಮಸಿ ಸುಡುವಷ್ಟು ಶಾಖ ಬರುವುದೇ ಇಲ್ಲ. ಗಾಡಿ ತಾನಾಗಿ ಹೆಚ್ಚಿನ ಡೀಸೆಲ್ ಚಿಮ್ಮಿಸಿ ಸುಡಲು ನೋಡುತ್ತದೆ, ನೀವು ಮಧ್ಯದಲ್ಲೇ ಆಫ್ ಮಾಡುತ್ತೀರಿ. ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಮಟ್ಟ ಮೇಲಿನ ಗೆರೆಗಿಂತ ಏರಿದ್ದು, ಮೂಸಿದರೆ ಡೀಸೆಲ್ ವಾಸನೆ ಹೊಡೆದರೆ ಹಾಗೇ ಓಡಿಸಬೇಡಿ, ಆಯಿಲ್ ಬದಲಿಸಿ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ 60ಕ್ಕಿಂತ ಮೇಲೆ ಒಂದೇ ವೇಗದಲ್ಲಿ ಓಡಿಸಿದರೆ ಈ ಕಾಟ ತಪ್ಪುತ್ತದೆ. ಪೇಟೆಯೊಳಗೇ ತಿರುಗುವವರಿಗೆ ಬಿಎಸ್-6 ಡೀಸೆಲ್ ಗಾಡಿ ಹೊಂದುವುದೇ ಇಲ್ಲ. ಅವರು ಮೈಲೇಜ್ ಲೆಕ್ಕ ಬಿಟ್ಟು ಈ ಕಾರಣಕ್ಕೇ ಬದಲಿಸಬಹುದು.

ಉಳಿದವು ಚಿಕ್ಕವು. ಟೈರ್ ಗಾಳಿಯನ್ನು ಬಾಗಿಲ ಪಕ್ಕದ ಚೀಟಿಯಲ್ಲಿರುವಷ್ಟೇ, ಟೈರ್ ತಣ್ಣಗಿರುವಾಗ ಹಾಕಿಸಿ. ಮೇಲಿನ ಕ್ಯಾರಿಯರ್ ಬಿಚ್ಚಿಡಿ. ಏರ್ ಫಿಲ್ಟರ್ ಬದಲಿಸಿ, ಗಾಳಿ ಊದಿ ಊದಿ ಹಾಕಿದರೆ ಕಾಗದ ಹರಿದು ಮಣ್ಣು ಎಂಜಿನ್ ಸೇರುತ್ತದೆ. ಎಲ್ಲಕ್ಕಿಂತ ದೊಡ್ಡ ಉಳಿತಾಯ ಕಾಸು ಖರ್ಚಿಲ್ಲದ್ದು: ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಹೋಗುವ ಗಾಡಿ 110ಕ್ಕೆ ಏರಿದರೆ ತಡೆ ಸುಮಾರು 1.9 ಪಟ್ಟು. ಎತ್ತರದ, ಚೌಕಾಕಾರದ ಗಾಡಿಗೆ ಈ ಪೆಟ್ಟು ಇನ್ನೂ ಜಾಸ್ತಿ. ನೆಲಮಂಗಲದವರೆಗೆ 80–85ರಲ್ಲಿ ಹೋದರೆ ಹತ್ತು ನಿಮಿಷ ತಡವಾಗಬಹುದು, ಅಷ್ಟೆ.

ಯಾವ ಎಣ್ಣೆಯ ಚಿಕ್ಕ ಕಾರು

ಪೆಟ್ರೋಲ್: ಕೊಂಡುಕೊಳ್ಳಲು ಸುಲಭ, ರಿಪೇರಿ ಎಲ್ಲಾ ಊರಲ್ಲೂ ಆಗುತ್ತದೆ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಹೊಂದಿಸದ ಹಳೆಯ ಕಾರುಗಳಲ್ಲಿ ಮೈಲೇಜ್ 3ರಿಂದ 6% ಇಳಿಯಬಹುದು ಎಂದು ಕೇಂದ್ರ ಸರ್ಕಾರವೇ 2025ರಲ್ಲಿ ಹೇಳಿದೆ. 2023ರ ಏಪ್ರಿಲ್ ನಂತರ ತಯಾರಾದ ಕಾರು ಸಿಕ್ಕರೆ ರಬ್ಬರ್ ಪೈಪು, ಸೀಲುಗಳ ಚಿಂತೆ ಕಡಿಮೆ.

ಸಿಎನ್‌ಜಿ: ದಿನವೂ ಬೆಂಗಳೂರಿಗೆ ಓಡುವವರಿಗೆ ಇದೇ ನಮ್ಮ ಮೊದಲ ಆಯ್ಕೆ, ಆದರೆ ಕಣ್ಣು ತೆರೆದು ತೆಗೆದುಕೊಳ್ಳಿ. 60 ಲೀಟರ್ ಸಿಲಿಂಡರಿಗೆ ವಾಸ್ತವವಾಗಿ ಎಂಟು ಒಂಬತ್ತು ಕೆ.ಜಿ. ಹಿಡಿಯುತ್ತದೆ, ಅಂದರೆ 220 ಕಿ.ಮೀ. ಆಸುಪಾಸು. 140 ಕಿ.ಮೀ. ಓಡಿಸುವವರು ಒಂದೂವರೆ ದಿನಕ್ಕೊಮ್ಮೆ ಸಾಲಲ್ಲಿ ನಿಲ್ಲಬೇಕು. ನಿಮ್ಮ ದಾರಿಯಲ್ಲಿ ಯಾವ ಬಂಕಿನಲ್ಲಿ ಯಾವ ಹೊತ್ತಿಗೆ ಸಾಲು ಚಿಕ್ಕದು ಎಂದು ಕಾರು ಕೊಳ್ಳುವ ಮೊದಲೇ ಒಂದು ವಾರ ಗಮನಿಸಿ. ಡಿಕ್ಕಿಯ ಜಾಗ ಹೋಗುತ್ತದೆ. ಪೆಟ್ರೋಲ್ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಸಬೇಡಿ. ಟ್ಯಾಂಕಿನೊಳಗಿನ ಪಂಪು ಪೆಟ್ರೋಲಿನಲ್ಲೇ ತಣ್ಣಗಾಗುವುದು, ಬರಿದಾದರೆ ಸುಡುತ್ತದೆ. ಹಳೆಯ ಕಾರಾದರೆ ಆರ್‌ಸಿಯಲ್ಲಿ ಇಂಧನ ‘ಪೆಟ್ರೋಲ್/ಸಿಎನ್‌ಜಿ’ ಎಂದೇ ಇರಬೇಕು, ವಿಮೆಯಲ್ಲೂ ಕಿಟ್ ನಮೂದಾಗಿರಬೇಕು, ಸಿಲಿಂಡರ್ ಪರೀಕ್ಷೆ ಮೂರು ವರ್ಷದೊಳಗೆ ಆಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಬಿಟ್ಟುಬಿಡಿ.

ವಿದ್ಯುತ್ ಕಾರು: ಯೂನಿಟ್‌ಗೆ 8 ಕಿ.ಮೀ. ಹಿಡಿದರೆ ಮೊದಲ ಮನೆಯವರಿಗೆ ತಿಂಗಳಿಗೆ 385 ಯೂನಿಟ್, ಯೂನಿಟ್‌ಗೆ 7 ರೂ. ಎಂದರೂ 2,700 ರೂ. ಅಂಕಿ ಆಸೆ ಹುಟ್ಟಿಸುತ್ತದೆ. ಆದರೆ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು, ಮನೆಯ ಉಳಿದ ವಿದ್ಯುತ್ತಿನ ಖರ್ಚೂ ಇದಕ್ಕೆ ಸೇರುತ್ತದೆ. ದಿನದ 140 ಕಿ.ಮೀ.ಗೆ ಹದಿನೇಳೂವರೆ ಯೂನಿಟ್ ಬೇಕು, ಮನೆಯ 16 ಆಂಪಿಯರ್ ಪ್ಲಗ್‌ನಲ್ಲಿ ಸುಮಾರು ಆರು ಗಂಟೆ. ಅರ್ಥಿಂಗ್ ಸರಿಯಿಲ್ಲದ ಹಳೇ ವೈರಿಂಗ್‌ಗೆ ಇದನ್ನು ಸಿಕ್ಕಿಸಬೇಡಿ, ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿ.

ಹೊಸದೇ ಕೊಳ್ಳುವವರಿಗೆ ಒಂದು ಮಾತು: 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಮತ್ತು 1500 ಸಿಸಿ ಒಳಗಿನ ಡೀಸೆಲ್ ಕಾರುಗಳಿಗೆ ಜಿಎಸ್‌ಟಿ 18%, ಅದಕ್ಕಿಂತ ದೊಡ್ಡವಕ್ಕೆ 40%.

ಸೆಕೆಂಡ್ ಹ್ಯಾಂಡ್ ನೋಡುವಾಗ

ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರಲಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ಟೈರಿನ ಪಕ್ಕದ ನಾಲ್ಕಂಕಿ ಓದಿ: 2322 ಎಂದರೆ 2022ರ 23ನೇ ವಾರ ತಯಾರಾದದ್ದು. ಓಡೋಮೀಟರ್ 35,000 ತೋರಿಸುತ್ತಿದ್ದು ಬ್ರೇಕ್ ಪೆಡಲ್ ರಬ್ಬರ್ ನುಣ್ಣಗಾಗಿದ್ದರೆ, ಸ್ಟೀರಿಂಗ್ ಹೊಳೆಯುತ್ತಿದ್ದರೆ, ಅಂಕಿ ತಿರುಗಿಸಿದ್ದಾರೆ. ಬೆಂಗಳೂರಿನಲ್ಲಿ ಟ್ಯಾಕ್ಸಿಯಾಗಿ ಓಡಿ ಬಿಳಿ ಬೋರ್ಡಿಗೆ ಬದಲಾದ ಕಾರುಗಳೂ ಇಲ್ಲಿ ಮಾರಾಟಕ್ಕೆ ಬರುತ್ತವೆ, ಆರ್‌ಸಿ ಇತಿಹಾಸ ಕೇಳಿ. ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಸಾಲದ ನಮೂದು, ಬಾಕಿ ದಂಡ, ವಿಮೆ ನೋಡಿಕೊಳ್ಳಿ.

ಹಳ್ಳಿ ದಾರಿಯವರು ನೆಲದಿಂದ ಎತ್ತರ 165 ಮಿ.ಮೀ.ಗಿಂತ ಕಡಿಮೆ ಇರುವುದನ್ನು ತರಬೇಡಿ. ಹೊರೆಯೂ ಲೆಕ್ಕಕ್ಕಿರಲಿ: ಡಿಎಪಿ ಮೂಟೆ 50 ಕೆ.ಜಿ., ಯೂರಿಯಾ 45. ನಾಲ್ಕು ಡಿಎಪಿ ಮೂಟೆ ಹಾಕಿದರೆ ಮೂರು ಜನ ಕೂತಂತೆ, ಜೊತೆಗೆ ಮತ್ತಿಬ್ಬರಿಗಿಂತ ಹೆಚ್ಚು ಹತ್ತಬಾರದು.

ಹಳೆಯ ಗಾಡಿ ಕೈಬಿಡುವಾಗ

ಇಲ್ಲಿ ಅವಸರ ಮಾಡಿದವರು ವರ್ಷಗಟ್ಟಲೆ ಅಲೆಯುತ್ತಾರೆ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ‘ಪಾರ್ಟಿ ಸಿಕ್ಕಾಗ ಮಾಡಿಸ್ತೀನಿ’ ಎಂಬ ಮಾತಿಗೆ ಬಿಡಬೇಡಿ. ಆ ನಡುವೆ ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ರಾಜ್ಯದೊಳಗೇ ಮಾರಿದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರ ಆಧಾರ್ ಪ್ರತಿ, ಗಾಡಿ ಕೊಟ್ಟ ದಿನ ಮತ್ತು ಗಂಟೆ ಬರೆದ ಸಹಿ ಪತ್ರ ಇಟ್ಟುಕೊಳ್ಳಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35 ಕೊಟ್ಟು ಆರ್‌ಸಿಯಲ್ಲಿರುವ ಸಾಲದ ನಮೂದು ತೆಗೆಸಿ. ಶಿರಾದ ಗಾಡಿಯೆಂದು ತುಮಕೂರಿನ ಕೆಎ-06 ಕಚೇರಿಗೆ ಹೋಗುವ ಮೊದಲು ಆರ್‌ಸಿಯಲ್ಲಿ ಯಾವ ಕಚೇರಿ ಇದೆ ನೋಡಿ. ಮಧುಗಿರಿಯದು ಕೆಎ-64, ತಿಪಟೂರಿನದು ಕೆಎ-44.

ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ವಿಮಾ ರಿಯಾಯಿತಿ, 50%ವರೆಗೂ ಇರಬಹುದಾದದ್ದು, ಗಾಡಿಯದಲ್ಲ, ನಿಮ್ಮದು. ಮಾರುವಾಗ ವಿಮಾ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಚಿಕ್ಕ ಕಾರಿನ ವಿಮೆಗೆ ಅದನ್ನು ಬಳಸಬಹುದು. ಫಾಸ್ಟ್ಯಾಗ್ ಗಾಜಿನಿಂದ ಕಿತ್ತರೆ ಸಾಲದು, ಕೊಟ್ಟ ಬ್ಯಾಂಕಿನಲ್ಲಿ ಮುಚ್ಚಿಸಬೇಕು. ಇಲ್ಲದಿದ್ದರೆ ಕೊಂಡವರು ಹಿರಿಯೂರಿಗೆ ಹೋದರೂ ಹಣ ನಿಮ್ಮದೇ ಕಡಿತವಾಗುತ್ತದೆ. ವಾರ್ಷಿಕ ಪಾಸ್ ಮಾಡಿಸಿದ್ದರೆ ಅದು ಹೊಸ ಕಾರಿಗೆ ಬರುವುದಿಲ್ಲ, ಮುಗಿಯುವ ಹೊತ್ತಿಗೆ ಮಾರಲು ನೋಡಿ.

ಮೊದಲ ತಿಂಗಳು

ದೊಡ್ಡ ಡೀಸೆಲ್ ಓಡಿಸಿ ಅಭ್ಯಾಸವಾದವರು ಚಿಕ್ಕ ಪೆಟ್ರೋಲ್ ಕಾರನ್ನೂ ನಾಲ್ಕನೇ ಗೇರಿನಲ್ಲಿ 30ಕ್ಕೆ ಎಳೆಯುತ್ತಾರೆ. ಎಂಜಿನ್ ಗುದ್ದುತ್ತದೆ, ಎಣ್ಣೆಯೂ ಹೆಚ್ಚು ಹೋಗುತ್ತದೆ. ಗೇರ್ ಇಳಿಸಲು ಹಿಂಜರಿಯಬೇಡಿ. ದೇವರಾಯನದುರ್ಗ ಹತ್ತುವಾಗ ನಾಲ್ಕು ಜನ ಇದ್ದರೆ ಎರಡನೇ ಗೇರ್ ಬೇಕಾಗುತ್ತದೆ, ಇಳಿಯುವಾಗಲೂ ಎರಡನೆಯದೇ ಇರಲಿ, ಬ್ರೇಕ್ ಕಾಯುವುದಿಲ್ಲ. ಲಾರಿ ಹಿಂದಿಕ್ಕಲು ದೊಡ್ಡ ಗಾಡಿಗೆ ಸಾಕಾಗುತ್ತಿದ್ದ ಜಾಗ ಇದಕ್ಕೆ ಸಾಲದು, ಕಾಯಿರಿ.

ನವೆಂಬರಿನಿಂದ ಜನವರಿವರೆಗೆ ಇನ್ನೊಂದು ಎಚ್ಚರ. ಮಧುಗಿರಿ, ಕೊರಟಗೆರೆ, ಪಾವಗಡದ ಒಳರಸ್ತೆಗಳಲ್ಲಿ ರಾಗಿ, ಹುರುಳಿ ಒಕ್ಕಣೆಗೆ ಹರಡಿರುತ್ತಾರೆ. ಎತ್ತರದ ಗಾಡಿ ದಾಟಿ ಹೋಗುತ್ತಿತ್ತು. ತಗ್ಗಿನ ಕಾರಿನಲ್ಲಿ ಹುರುಳಿ ಬಳ್ಳಿ ಮುಂದಿನ ಆಕ್ಸಲ್‌ಗೆ ಹಗ್ಗದಂತೆ ಸುತ್ತಿಕೊಂಡು ಕಾದ ಸೈಲೆನ್ಸರ್ ಪೈಪಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಆದಷ್ಟು ಪಕ್ಕದಿಂದ ಹೋಗಿ. ಮೇಲೆಯೇ ಹಾಯಬೇಕಾಗಿ ಬಂದರೆ ದಾಟಿದ ಕೂಡಲೇ ಬರಿ ರಸ್ತೆಯಲ್ಲಿ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ. ಸುತ್ತಿದ್ದರೆ ಎಂಜಿನ್ ಆಫ್ ಮಾಡಿ, ಉದ್ದ ಕೋಲಿನಿಂದಲೋ ಕುಡುಗೋಲಿನಿಂದಲೋ ಎಳೆದು ತೆಗೆಯಿರಿ. ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಹೊಲಕ್ಕೆ ಹೋಗಬೇಡಿ.